ಮುಳ್ಳು ಏಳದ ಲಾರಿ

ಅಪ್ಪ ತೀರಿಕೊಂಡ ಮೇಲೆ ನನ್ನ ಪಾಲಿಗೆ ಬಂದದ್ದು ಎರಡು: ಶೆಡ್ಡಿನಲ್ಲಿ ನಿಂತಿದ್ದ 1978ರ ಮಾಡೆಲ್ ಲಾರಿ, ಮತ್ತು ಅದರ ಲೆಕ್ಕದ ಪುಸ್ತಕಗಳು. ಸಕಲೇಶಪುರದ ಸುತ್ತಿನ ತೋಟಗಳಿಂದ ಕಾಫಿ, ಮೆಣಸು ತುಂಬಿಕೊಂಡು ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುತ್ತಿದ್ದ ಲಾರಿ ಅದು. ಬರುವಾಗ ಹೆಂಚನ್ನೋ ಉಪ್ಪನ್ನೋ ಹೇರಿಕೊಂಡು ಅದೇ ಘಾಟಿ ಹತ್ತುತ್ತಿತ್ತು. ನಾನು ಇತಿಹಾಸದ ಮೇಷ್ಟ್ರು. ಲೆಕ್ಕದ ಪುಸ್ತಕ ಓದುವುದು ಗೊತ್ತು, ಲಾರಿ ಗೊತ್ತಿಲ್ಲ. ಆದರೆ ಆ ಪುಸ್ತಕದ ಒಂದು ಪುಟ ಅರ್ಥವಾಗಬೇಕಾದರೆ ಲಾರಿಯನ್ನೇ ಬಿಚ್ಚಬೇಕಾಯಿತು.

ಬ್ಯಾಟರಿ, ಬೆಲ್ಟು, ಡೀಸೆಲ್ ಪೈಪು ಬದಲಾಯಿಸಿದ ಮೇಲೆ ಎಂಜಿನ್ ಹಿಡಿಯಿತು. ಆದರೆ ಬೆಳಿಗ್ಗೆ ಬಿಳಿ ಹೊಗೆ ಬೇಗ ನಿಲ್ಲುತ್ತಿರಲಿಲ್ಲ. ಹಾನುಬಾಳಿನವರೆಗೆ ಓಡಿಸಿ ಬಂದರೂ ಹೀಟ್ ಮೀಟರಿನ ಮುಳ್ಳು ಮಲಗಿಯೇ ಇರುತ್ತಿತ್ತು. ಮೀಟರು ಕೆಟ್ಟಿದೆ ಎಂದುಕೊಂಡೆ. ಗ್ಯಾರೇಜಿನ ಮೇಸ್ತ್ರಿ ಬೇರೆ ಮೀಟರು ಹಾಕಿ ನೋಡಿದರು. ಅದರ ಮುಳ್ಳೂ ಏಳಲಿಲ್ಲ. ಮರುದಿನ ಬೆಳಿಗ್ಗೆ ತಣ್ಣಗಿದ್ದ ಎಂಜಿನ್ನನ್ನು ಚಾಲೂ ಮಾಡಿ, ನನ್ನ ಕೈ ಹಿಡಿದು ಎಂಜಿನ್‌ನಿಂದ ರೇಡಿಯೇಟರಿಗೆ ಹೋಗುವ ಮೇಲಿನ ಹೋಸ್ ಪೈಪಿನ ಮೇಲೆ ಇಟ್ಟರು.

"ಇದು ಮೊದಲು ತಣ್ಣಗೇ ಇರಬೇಕು ಮೇಷ್ಟ್ರೇ. ಎಂಜಿನ್ ಕಾದ ಮೇಲೆ ಒಂದೇ ಸಲಕ್ಕೆ ಬಿಸಿ ಬರಬೇಕು. ನಿಮ್ಮದು ಹೆಂಗಿದೆ?"

ಪೈಪು ಶುರುವಿನಿಂದಲೇ ಸ್ವಲ್ಪ ಸ್ವಲ್ಪವಾಗಿ ಬೆಚ್ಚಗಾಗುತ್ತಿತ್ತು. "ಬಾಗಿಲು ಮುಚ್ಚುತ್ತಾ ಇಲ್ಲ" ಅಂದರು ಮೇಸ್ತ್ರಿ.

ಅವರು ಬಾಗಿಲು ಅಂದದ್ದು ಥರ್ಮೋಸ್ಟಾಟಿಗೆ. ಎಂಜಿನ್‌ನಿಂದ ರೇಡಿಯೇಟರಿಗೆ ನೀರು ಹೋಗುವ ದಾರಿಯಲ್ಲಿ ಕೂತಿರುವ, ಅಂಗೈಯಲ್ಲಿ ಹಿಡಿಸುವಷ್ಟು ಸಣ್ಣ ವಾಲ್ವ್ ಅದು. ನೀರು 80 ಡಿಗ್ರಿಯ ಆಸುಪಾಸಿಗೆ ಕಾಯುವವರೆಗೆ ಮುಚ್ಚಿಕೊಂಡು, ನೀರನ್ನು ಎಂಜಿನ್ನಿನೊಳಗೇ ಸುತ್ತಿಸುತ್ತದೆ. ಕಾದ ಮೇಲೆ ತೆರೆದು ರೇಡಿಯೇಟರಿಗೆ ಬಿಡುತ್ತದೆ. ಕರೆಂಟು ಬೇಡ, ಯಾರ ಅಪ್ಪಣೆಯೂ ಬೇಡ.

ಬಿಸಿಯನ್ನು ಬಿಸಿಯಿಂದಲೇ ಹತೋಟಿಯಲ್ಲಿಡುವ ಈ ಉಪಾಯ ಲಾರಿಗಿಂತ ಬಹಳ ಹಳೆಯದು. ಹಾಲೆಂಡಿನಲ್ಲಿ 1572ರಲ್ಲಿ ಹುಟ್ಟಿ, ಮುಂದೆ ಲಂಡನ್ನಿನಲ್ಲಿ ನೆಲೆಸಿದ ಕಾರ್ನೆಲಿಸ್ ಡ್ರೆಬೆಲ್ ಕೋಳಿಮೊಟ್ಟೆಗಳಿಗೆ ಕಾವು ಕೊಡುವ ಒಲೆಯೊಂದನ್ನು ಮಾಡಿದ್ದ. ಬಿಸಿ ಹೆಚ್ಚಾದರೆ ಆಲ್ಕೋಹಾಲು ಹಿಗ್ಗಿ ಪಾದರಸವನ್ನು ತಳ್ಳುತ್ತದೆ, ಪಾದರಸ ಒಂದು ಕಡ್ಡಿಯನ್ನು ಎತ್ತುತ್ತದೆ, ಕಡ್ಡಿ ಗಾಳಿಗಂಡಿಯನ್ನು ಮುಚ್ಚುತ್ತದೆ, ಬೆಂಕಿ ತಗ್ಗುತ್ತದೆ. ಒಲೆಯ ಮುಂದೆ ಆಳು ಕಾವಲು ಕೂರಬೇಕಿಲ್ಲ. ಥರ್ಮೋಸ್ಟಾಟ್ ಎಂಬ ಹೆಸರು ಬಂದದ್ದು 1830ರಲ್ಲಿ, ಸ್ಕಾಟ್ಲೆಂಡಿನ ರಸಾಯನಶಾಸ್ತ್ರಜ್ಞ ಆಂಡ್ರ್ಯೂ ಯೂರ್ ಪಡೆದ ಪೇಟೆಂಟಿನಿಂದ. ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವ ಎರಡು ಲೋಹಗಳನ್ನು ಬೆಸೆದರೆ ಬಿಸಿಗೆ ಪಟ್ಟಿ ಬಾಗುತ್ತದೆ ಎಂಬುದು ಅವನ ಸಾಧನದ ಮೂಲ.

ಮೋಟಾರು ವಾಹನಗಳಿಗೆ ಇದು ತಡವಾಗಿ ಬಂತು. 1908ರಲ್ಲಿ ಬಂದ ಫೋರ್ಡಿನ ಮಾಡೆಲ್ ಟಿ ಕಾರಿನಲ್ಲಿ ಥರ್ಮೋಸ್ಟಾಟ್ ಇರಲಿಲ್ಲ. ಚಳಿನಾಡಿನ ಚಾಲಕರು ರೇಡಿಯೇಟರಿಗೆ ಕಂಬಳಿ ಹೊದಿಸಿ ಓಡಿಸುತ್ತಿದ್ದರು. ಆಮೇಲೆ ಬಂದವುಗಳಲ್ಲಿ ಬೇಗ ಆವಿಯಾಗುವ ದ್ರವ ತುಂಬಿದ, ಹಾರ್ಮೋನಿಯಂ ತಿದಿಯಂತೆ ಹಿಗ್ಗುವ ಸಣ್ಣ ಡಬ್ಬಿ ಇರುತ್ತಿತ್ತು. ಮುಂದೆ ರೇಡಿಯೇಟರಿನೊಳಗೆ ಒತ್ತಡ ಹೆಚ್ಚಿಸುವ ಪದ್ಧತಿ ಬಂದಾಗ ಆ ಒತ್ತಡಕ್ಕೆ ತಿದಿ ಲೆಕ್ಕ ತಪ್ಪತೊಡಗಿತು. ಅದರ ಜಾಗ ಹಿಡಿದದ್ದು ಮೇಣ. 1930ರ ದಶಕದಲ್ಲಿ ಅಮೆರಿಕದಲ್ಲಿ ಸರ್ಜಿಯಸ್ ವೆರ್ನೆ ರೂಪಿಸಿದ ಸಾಧನ ಇದು: ಲೋಹದ ಚಿಪ್ಪಿನೊಳಗೆ ಮೇಣ, ಅದು ಕರಗುವಾಗ ಹಿಗ್ಗಿ ಕಡ್ಡಿಯನ್ನು ತಳ್ಳುತ್ತದೆ, ವಾಲ್ವ್ ತೆರೆಯುತ್ತದೆ. ತಣಿದರೆ ಮೇಣ ಕುಗ್ಗುತ್ತದೆ, ಸ್ಪ್ರಿಂಗ್ ವಾಲ್ವನ್ನು ಮುಚ್ಚುತ್ತದೆ. ಇವತ್ತಿಗೂ ಬಹುತೇಕ ಲಾರಿಗಳಲ್ಲಿರುವುದು ಇದೇ.

ನಮ್ಮಲ್ಲಿ ಇದಕ್ಕೆ ಬೇರೆಯೇ ಗತಿ ಬಂತು. 1948ರಲ್ಲಿ ಮದರಾಸಿನಲ್ಲಿ ಶುರುವಾದ ಅಶೋಕ್ ಮೋಟಾರ್ಸ್ 1955ರಲ್ಲಿ ಇಂಗ್ಲೆಂಡಿನ ಲೇಲ್ಯಾಂಡ್ ಜೊತೆ ಸೇರಿ ಅಶೋಕ್ ಲೇಲ್ಯಾಂಡ್ ಆಯಿತು. 1954ರಲ್ಲಿ ಟಾಟಾ ಕಂಪನಿ ಜರ್ಮನಿಯ ಡೈಮ್ಲರ್‌ ಬೆಂಝ್ ಜೊತೆ ಒಪ್ಪಂದ ಮಾಡಿಕೊಂಡು ಜಮ್‌ಶೆಡ್‌ಪುರದಲ್ಲಿ ಲಾರಿ ತಯಾರಿಸಿತು. ಚಳಿದೇಶದಲ್ಲಿ ಹುಟ್ಟಿದ ಎಂಜಿನ್‌ಗಳು ನಮ್ಮ ಬಿಸಿಲಿಗೆ ಬಂದವು. "ಅದೆಲ್ಲ ಹಿಮ ಬೀಳೋ ಊರಿಗೆ, ನಮಗ್ಯಾಕೆ?" ಎಂದು ಥರ್ಮೋಸ್ಟಾಟನ್ನು ಕಿತ್ತೆಸೆಯುವ ಮಾತನ್ನು ನಾನು ಇವತ್ತಿಗೂ ಗ್ಯಾರೇಜುಗಳಲ್ಲಿ ಕೇಳಿದ್ದೇನೆ. ಅದರಲ್ಲಿ ಅನುಭವವೂ ಇದೆ. ವಾಲ್ವ್ ಮುಚ್ಚಿಕೊಂಡೇ ಹಟ ಹಿಡಿದರೆ ಘಾಟಿಯ ನಡುವೆ ನೀರು ಕುದಿದು ಎಂಜಿನ್ನೇ ಹೋಗುತ್ತದೆ. ಆ ಭಯ ಕಣ್ಣಿಗೆ ಕಾಣುವಂಥದ್ದು. ತಣ್ಣಗೆ ಓಡುವ ಎಂಜಿನ್ನಿನ ನಷ್ಟ ಕಣ್ಣಿಗೆ ಕಾಣುವುದಿಲ್ಲ: ಡೀಸೆಲ್ ಪೂರ್ತಿ ಉರಿಯುವುದಿಲ್ಲ, ಆಯಿಲ್ ಕೆಡುತ್ತದೆ, ಸಿಲಿಂಡರಿನ ಗೋಡೆ ಬೇಗ ಸವೆಯುತ್ತದೆ. ಇನ್ನೊಂದು ವಿಚಿತ್ರವೂ ಇದೆ. ಕೆಲವು ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆರೆಯುವಾಗಲೇ ಒಳದಾರಿಯನ್ನು ಮುಚ್ಚುತ್ತದೆ. ಅಂಥದನ್ನು ಕಿತ್ತರೆ ಬಿಸಿನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಒಳಗೇ ಸುತ್ತುತ್ತದೆ. ತಂಪಿಗೆಂದು ಕಿತ್ತದ್ದೇ ಏರಿನಲ್ಲಿ ಬಿಸಿಗೆ ಕಾರಣವಾಗುತ್ತದೆ.

ಇಷ್ಟು ತಿಳಿದ ಮೇಲೆ 1989ರ ಪುಸ್ತಕವನ್ನು ಮತ್ತೆ ತೆಗೆದೆ. ಆ ವರ್ಷ ಮಳೆಗಾಲದಲ್ಲಿ ಅಪ್ಪ ನಮ್ಮ ಡ್ರೈವರಣ್ಣನನ್ನು ಬಿಡಿಸಿದ್ದರು. ಕಾರಣ, ಡೀಸೆಲ್ ಕಳವು. ಹನ್ನೊಂದು ವರ್ಷ ಓಡಿಸಿದವನು, ನನ್ನನ್ನು ಕ್ಯಾಬಿನ್ನಿನಲ್ಲಿ ಕೂರಿಸಿಕೊಂಡು ಮೊದಲ ಸಲ ಸಮುದ್ರ ತೋರಿಸಿದವನು. ಮೇ ತಿಂಗಳವರೆಗೆ ಲೀಟರಿಗೆ ನಾಲ್ಕೂವರೆ ಕಿಲೋಮೀಟರು ಇದ್ದದ್ದು ಜೂನ್‌ನಿಂದ ನಾಲ್ಕಕ್ಕೆ ಇಳಿದಿತ್ತು. ಅದೇ ಪುಟದ ಅಂಚಿನಲ್ಲಿ ಅಪ್ಪನ ಅಕ್ಷರ: "ಮುಳ್ಳು ಏಳುವುದಿಲ್ಲ ಎನ್ನುತ್ತಾನೆ. ಒಳ್ಳೆಯದೇ." ನನಗೆ ಆ ಮಾತುಕತೆಯೂ ನೆನಪಿದೆ. "ಎಂಜಿನ್ ಬಿಸಿನೇ ಆಗ್ತಿಲ್ಲ ಸಾವ್ಕಾರ್ರೇ" ಎಂದು ಅವನು ಅಂಗಳದಲ್ಲಿ ನಿಂತು ಹೇಳಿದ್ದ. "ಬಿಸಿ ಆಗದಿದ್ರೆ ನಿನಗೇನಯ್ಯಾ ಕಷ್ಟ?" ಎಂದು ಅಪ್ಪ ನಕ್ಕಿದ್ದರು.

ಪುಟ ತಿರುಗಿಸಿದೆ. ಸೆಪ್ಟೆಂಬರಿನಲ್ಲಿ ಹೊಸ ಡ್ರೈವರ್ ಬಂದಿದ್ದ. ಲೀಟರಿಗೆ ನಾಲ್ಕು. ಮರುವರ್ಷ ಬೇಸಿಗೆಯಲ್ಲೂ ನಾಲ್ಕರ ಮೇಲೆ ಸ್ವಲ್ಪ. ಕಳ್ಳನೆಂದು ಹೆಸರಾದವನು ಹೋದ ಮೇಲೂ ಕಳವು ನಿಂತಿರಲಿಲ್ಲ. ಅಂಕಿಗಳನ್ನು ಬರೆದದ್ದು ಅಪ್ಪನೇ; ಓದಿ ನೋಡಲಿಲ್ಲ ಅಷ್ಟೇ. ನೋಜಲ್, ಪಂಪು ಸವೆದೂ ಡೀಸೆಲ್ ಹೆಚ್ಚು ಕುಡಿದಿರಬಹುದು, ಎಲ್ಲವನ್ನೂ ಒಂದು ವಾಲ್ವಿನ ತಲೆಗೆ ಕಟ್ಟಲಾರೆ. ಆದರೆ ಮುಳ್ಳು ಮಲಗಿದ್ದೂ ಮೈಲೇಜು ಇಳಿದದ್ದೂ ಒಂದೇ ತಿಂಗಳಲ್ಲಿ.

ಮರುದಿನ ಎಂಜಿನ್ ತಣ್ಣಗಿರುವಾಗಲೇ ರೇಡಿಯೇಟರಿನ ನೀರನ್ನು ಬಕೆಟ್ಟಿಗೆ ಇಳಿಸಿ, ಥರ್ಮೋಸ್ಟಾಟಿನ ಮೇಲಿನ ಮುಚ್ಚಳ ಬಿಚ್ಚಿದೆವು. ಒಳಗಿದ್ದದ್ದು ತುಕ್ಕು, ಗಸಿ ಮೆತ್ತಿಕೊಂಡು ಬಾಯಿ ತೆರೆದೇ ನಿಂತಿತ್ತು. ಸಂದಿಯಲ್ಲಿ ಒಂದು ರೂಪಾಯಿ ನಾಣ್ಯ ಸಲೀಸಾಗಿ ತೂರಿತು. ಹೊಸದನ್ನು ಹಾಕುವ ಮೊದಲು ಪರೀಕ್ಷೆ ಮಾಡೋಣ ಎಂದರು ಮೇಸ್ತ್ರಿ. ಕಾಲೇಜಿನ ಲ್ಯಾಬಿನಿಂದ ಥರ್ಮಾಮೀಟರು ತಂದೆ. ಅಡುಗೆಮನೆಯ ಪಾತ್ರೆಯಲ್ಲಿ ಹಳೆಯದನ್ನೂ ಹೊಸದನ್ನೂ ತಳ ಮುಟ್ಟದ ಹಾಗೆ ದಾರದಲ್ಲಿ ಇಳಿಬಿಟ್ಟು ನೀರು ಕಾಯಿಸಿದೆವು. ಹೊಸದರ ಮೇಲೆ 82 ಎಂದು ಅಚ್ಚಾಗಿತ್ತು. ಮುಳ್ಳು 82 ದಾಟುತ್ತಿದ್ದಂತೆ ಅದು ನಿಧಾನವಾಗಿ ತೆರೆಯತೊಡಗಿತು. ಒಲೆ ಆರಿಸಿದಾಗ ಮುಚ್ಚಿಕೊಂಡಿತು. ಹಳೆಯದು ಅಲುಗಲಿಲ್ಲ.

ಹಳೆಯ ಪ್ಯಾಕಿಂಗನ್ನು ಕೆರೆದು ತೆಗೆದು, ಮೇಣದ ಚಿಪ್ಪು ಎಂಜಿನ್ನಿನ ಕಡೆಗೆ ಬರುವಂತೆ ಕೂರಿಸಿ, ಹೊಸ ಪ್ಯಾಕಿಂಗ್ ಇಟ್ಟು ಬೋಲ್ಟುಗಳನ್ನು ಸಮಸಮವಾಗಿ ಬಿಗಿದೆವು. ಕೂಲೆಂಟ್ ಬೆರೆಸಿದ ನೀರು ತುಂಬಿ, ರೇಡಿಯೇಟರಿನ ಮುಚ್ಚಳ ಹಾಕದೆಯೇ ಎಂಜಿನ್ ಚಾಲೂ ಮಾಡಿ, ಗುಳ್ಳೆ ನಿಲ್ಲುವವರೆಗೆ ಕಾದು, ಕಡಿಮೆಯಾದಷ್ಟನ್ನು ಮತ್ತೆ ತುಂಬಿ ಮುಚ್ಚಿದೆವು. ಹಾನುಬಾಳು ತಲುಪುವ ಮೊದಲೇ ಮುಳ್ಳು ಅರ್ಧಕ್ಕೆ ಬಂದು ನಿಂತಿತು.

ಡ್ರೈವರಣ್ಣ ಈಗ ಉಪ್ಪಿನಂಗಡಿಯ ಹತ್ತಿರ ಮಗಳ ಮನೆಯಲ್ಲಿದ್ದಾನೆ. ಪುಸ್ತಕವನ್ನೂ ಹಳೆಯ ವಾಲ್ವನ್ನೂ ಚೀಲಕ್ಕೆ ಹಾಕಿಕೊಂಡು ಹೋದೆ. ಹೇಳಬೇಕಾದ್ದನ್ನು ಹೇಳಿದೆ, ಅಪ್ಪನ ಪರವಾಗಿ ತಪ್ಪಾಯಿತು ಎಂದೆ. ಅವನು ಪುಸ್ತಕ ಮುಟ್ಟಲಿಲ್ಲ. ವಾಲ್ವನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

"ಬೆಳಗಿನ ಹೊಗೆ ನಿಂತ್ತಾ?"

"ನಿಂತಿದೆ ಅಣ್ಣಾ."

"ಹಂಗಾದ್ರೆ ಇದೇ" ಎಂದು ಅದನ್ನು ನನ್ನ ಕೈಗೆ ವಾಪಸು ಕೊಟ್ಟ.