ಬಿಚ್ಚಿದ ಲಾಕ್ ನಟ್ ಮತ್ತೆ ಹಾಕಬಹುದೇ? ಕಾರು, ಬೈಕ್ ರಿಪೇರಿಗೆ ಮುನ್ನ ತಿಳಿದಿರಲಿ

ಕಾರು, ಬೈಕ್ ರಿಪೇರಿಗೆ ಹೋದಾಗ ಬ್ರೇಕ್, ಸಸ್ಪೆನ್ಷನ್, ಸ್ಟೀರಿಂಗ್ ಭಾಗದ ನಟ್ ಬಿಚ್ಚುತ್ತಾರೆ. ಕೆಲಸ ಮುಗಿದ ಮೇಲೆ ಎಷ್ಟೋ ಸಲ ಅದೇ ನಟ್ ವಾಪಸ್ ಕೂರುತ್ತದೆ. ಮಾಮೂಲಿ ನಟ್ ಆದರೆ, ಥ್ರೆಡ್ ಚೆನ್ನಾಗಿದ್ದರೆ ತೊಂದರೆಯಿಲ್ಲ. ಆದರೆ ಅದುರುವಿಕೆಗೆ ಸಡಿಲವಾಗಬಾರದು ಎಂದೇ ಮಾಡಿದ ಲಾಕ್ ನಟ್‌ಗಳ ಲೆಕ್ಕ ಬೇರೆ.

ಹೆಚ್ಚಾಗಿ ಕಾಣಸಿಗುವುದು ನೈಲಾಕ್ ನಟ್. ಇದರ ಒಳಗೆ ಮೇಲ್ತುದಿಯಲ್ಲಿ ನೈಲಾನ್ ಬಳೆ ಇರುತ್ತದೆ. ಬಳೆಯ ರಂಧ್ರ ಬೋಲ್ಟ್‌ಗಿಂತ ಸ್ವಲ್ಪ ಚಿಕ್ಕದು. ನಟ್ ಬಿಗಿ ಮಾಡುವಾಗ ಬೋಲ್ಟ್ ಆ ನೈಲಾನನ್ನು ಒತ್ತಿಕೊಂಡು ದಾರಿ ಮಾಡಿಕೊಳ್ಳುತ್ತದೆ. ಆ ಒತ್ತಡವೇ ಅದರ ಹಿಡಿತ. ಪ್ರತಿ ಸಲ ಬಿಚ್ಚಿ ಹಾಕಿದಾಗಲೂ ಬಳೆ ಸವೆದು ಹಿಡಿತ ಕಡಿಮೆಯಾಗುತ್ತದೆ.

ಪರೀಕ್ಷೆ ಸುಲಭ. ಸ್ಪ್ಯಾನರ್ ಇಲ್ಲದೆ ಬರಿಗೈಯಲ್ಲಿ ತಿರುಗಿಸಿ. ಬೋಲ್ಟ್ ತುದಿ ಬಳೆ ದಾಟುವವರೆಗೂ ಕೈಯಲ್ಲೇ ತಿರುಗಿದರೆ ಆ ನಟ್ ಗುಜರಿಗೆ. ಈ ಪರೀಕ್ಷೆ ಪಾಸಾದರೂ ಬ್ರೇಕ್, ಸ್ಟೀರಿಂಗ್‌ಗೆ ಹೊಸದೇ ಇರಲಿ. ಲೇಬರ್ ಚಾರ್ಜ್ ಮುಂದೆ ಒಂದು ನಟ್‌ನ ಬೆಲೆ ಲೆಕ್ಕಕ್ಕೇ ಇಲ್ಲ. ಸುಮಾರು 120 ಡಿಗ್ರಿ ಸೆಲ್ಸಿಯಸ್ ದಾಟಿದರೆ ನೈಲಾನ್ ಕೆಲಸಕ್ಕೆ ಬರುವುದಿಲ್ಲ. ಹಾಗಾಗಿ ಸೈಲೆನ್ಸರ್, ಟರ್ಬೊ ಹತ್ತಿರ ಪೂರ್ತಿ ಲೋಹದ ಲಾಕ್ ನಟ್ ಬೇಕು.

ಬಾಲ್ ಜಾಯಿಂಟ್, ಟೈ ರಾಡ್‌ಗಳಲ್ಲಿ ಬರುವ ಕ್ಯಾಸಲ್ ನಟ್ ಮಾತ್ರ ಮತ್ತೆ ಬಳಸಬಹುದು. ಅದರ ಸ್ಪ್ಲಿಟ್ ಪಿನ್ ಪ್ರತಿ ಸಲ ಹೊಸದು ಹಾಕಬೇಕು. ರಂಧ್ರ ಸರಿಹೊಂದದಿದ್ದರೆ ನಟ್ ಇನ್ನಷ್ಟು ಬಿಗಿ ಮಾಡಬೇಕೇ ಹೊರತು ಸಡಿಲಿಸಬಾರದು. ಡ್ರೈವ್‌ಶಾಫ್ಟ್ ನಟ್‌ನ ಅಂಚನ್ನು ಬಡಿದು ಲಾಕ್ ಮಾಡಿದ್ದರೆ, ಬಿಚ್ಚಿದ ಮೇಲೆ ಅದನ್ನೂ ಬದಲಿಸಬೇಕು.

ಇನ್ನು ಗ್ಯಾರೇಜ್‌ನಲ್ಲಿ ಲಾಕ್‌ಟೈಟ್ ಎಂದೇ ಕರೆಯುವ ಥ್ರೆಡ್‌ಲಾಕರ್ ಅಂಟು. ಅಮೆರಿಕದ ರಸಾಯನಶಾಸ್ತ್ರಜ್ಞ ವರ್ನನ್ ಕ್ರೀಬಲ್ 1953ರಲ್ಲಿ ರೂಪಿಸಿದ್ದು. ಗಾಳಿ ಸಿಗದೆ, ಲೋಹಕ್ಕೆ ತಾಗಿದಾಗ ಮಾತ್ರ ಇದು ಗಟ್ಟಿಯಾಗುತ್ತದೆ. ಬಾಟಲಿ ಪೂರ್ತಿ ತುಂಬಿರುವುದಿಲ್ಲ ಎಂದು ಅಂಗಡಿಯವನ ಮೇಲೆ ರೇಗಬೇಡಿ. ಒಳಗಿನ ಗಾಳಿಯೇ ಅದನ್ನು ದ್ರವವಾಗಿ ಉಳಿಸುವುದು. ನೀಲಿ ಅಂಟು ಹಚ್ಚಿದ್ದನ್ನು ಸಾಮಾನ್ಯ ಸ್ಪ್ಯಾನರ್‌ನಲ್ಲಿ ಬಿಚ್ಚಬಹುದು. ಕೆಂಪು ಅಂಟು ಬಿಡಿಸಲು ಸುಮಾರು 250 ಡಿಗ್ರಿ ಬಿಸಿ ಬೇಕಾಗುತ್ತದೆ. ಒಮ್ಮೆ ಬಿಚ್ಚಿದ ಮೇಲೆ ಥ್ರೆಡ್‌ನಲ್ಲಿ ಉಳಿದ ಹಳೇ ಅಂಟಿನ ಪುಡಿಗೆ ಹಿಡಿತ ಇರುವುದಿಲ್ಲ. ವೈರ್ ಬ್ರಷ್‌ನಿಂದ ಉಜ್ಜಿ, ಎಣ್ಣೆ ಜಿಡ್ಡು ತೆಗೆದು ಹೊಸದಾಗಿ ಹಚ್ಚಬೇಕು. ಪೂರ್ತಿ ಗಟ್ಟಿಯಾಗಲು ಸಾಮಾನ್ಯವಾಗಿ 24 ಗಂಟೆ ಹಿಡಿಯುತ್ತದೆ.

ಕೆಲವು ಬ್ರೇಕ್ ಕ್ಯಾಲಿಪರ್ ಬೋಲ್ಟ್‌ಗಳು ಫ್ಯಾಕ್ಟರಿಯಲ್ಲೇ ಅಂಟು ಹಚ್ಚಿಸಿಕೊಂಡು ಬರುತ್ತವೆ. ಅಂಥವನ್ನು ಬದಲಿಸಿ ಎಂದು ಕಂಪನಿಯ ಮ್ಯಾನುಯಲ್ ಹೇಳಿದ್ದರೆ ಬದಲಿಸಲೇಬೇಕು. ಚಕ್ರದ ನಟ್‌ಗೆ ಮಾತ್ರ ಅಂಟು ಹಚ್ಚಲು ಬಿಡಬೇಡಿ. ಅದಕ್ಕೆ ಬೇಕಿರುವುದು ಟಾರ್ಕ್ ರೆಂಚ್‌ನಲ್ಲಿ ಸರಿಯಾದ ಬಿಗಿ.