ತಾರಾಸ್ಕೋನ್: ಕೊಂದ ಮೃಗವನ್ನು ಮೆರೆಸುವ ಊರು

ದಕ್ಷಿಣ ಫ್ರಾನ್ಸಿನ ಪ್ರೊವಾನ್ಸ್ ಪ್ರಾಂತದಲ್ಲಿ, ಆವಿನ್ಯೋನ್ ಹಾಗೂ ಆರ್ಲ್ ನಗರಗಳ ನಡುವೆ, ರೋನ್ ನದಿಯ ಎಡದಂಡೆಯ ಮೇಲಿರುವ ಪುಟ್ಟ ಪಟ್ಟಣ ತಾರಾಸ್ಕೋನ್. ನೀರಿನ ಅಂಚಿನಲ್ಲೇ ಎದ್ದು ನಿಂತಿರುವ ಇಲ್ಲಿನ ಕೋಟೆಯನ್ನು ಆಂಜೂ ವಂಶದ ಎರಡನೆಯ ಲೂಯಿ 15ನೆಯ ಶತಮಾನದ ಆರಂಭದಲ್ಲಿ ಕಟ್ಟಿಸತೊಡಗಿದನು. ಅವನ ಮಗ ರೆನೆ ಅದನ್ನು ಪೂರ್ಣಗೊಳಿಸಿದನು. ಆದರೆ ವಿದ್ವತ್ ಲೋಕದಲ್ಲಿ ಈ ಊರಿಗೆ ಹೆಸರು ತಂದುದು ಕೋಟೆಯಲ್ಲ. ‘ತರಾಸ್ಕ್’ ಎಂಬ ಮೃಗ.

13ನೆಯ ಶತಮಾನದಲ್ಲಿ ಯಾಕೋಬಸ್ ದೆ ವೊರಾಜಿನೆ ಲ್ಯಾಟಿನ್ನಿನಲ್ಲಿ ಸಂಕಲಿಸಿದ ಸಂತಚರಿತೆಗಳ ಸಂಗ್ರಹದಲ್ಲಿ ಇದರ ಕಥೆಯಿದೆ. ಅರ್ಧ ಪ್ರಾಣಿ, ಅರ್ಧ ಮೀನಾದ ಈ ಮೃಗವು ನದಿಯಲ್ಲಿ ಅಡಗಿದ್ದು ದಾರಿಹೋಕರನ್ನು ಕೊಲ್ಲುತ್ತಿತ್ತು, ದೋಣಿಗಳನ್ನು ಮುಳುಗಿಸುತ್ತಿತ್ತು. ಸಂತ ಮಾರ್ಥಾ ಪವಿತ್ರ ಜಲವನ್ನು ಪ್ರೋಕ್ಷಿಸಿ ಶಿಲುಬೆಯನ್ನು ತೋರಿದಾಗ ಅದು ಕುರಿಯಂತೆ ನಿಂತಿತು. ಆಕೆ ಅದನ್ನು ತನ್ನ ನಡುಪಟ್ಟಿಯಿಂದ ಬಿಗಿದಳು. ಜನರು ಈಟಿ, ಕಲ್ಲುಗಳಿಂದ ಕೊಂದರು. ಮಾರ್ಥಾಳದೆಂದು ನಂಬಲಾದ ಅವಶೇಷಗಳು ಊರಿನಲ್ಲಿ ದೊರೆತದ್ದು 1187ರಲ್ಲಿ. ಆಕೆಯ ಹೆಸರಿನ ಚರ್ಚಿನ ಪ್ರತಿಷ್ಠೆಯಾದದ್ದು 1197ರಲ್ಲಿ.

ಗ್ರಂಥದ ಕಥೆ ಮೃಗದ ಸಾವಿನೊಂದಿಗೆ ಮುಗಿಯುತ್ತದೆ. ಊರಿನ ಆಚರಣೆಯಲ್ಲಾದರೋ ಮೃಗ ಸತ್ತೇ ಇಲ್ಲ. ರೆನೆ ಅರಸನು 1474ರಲ್ಲಿ ತರಾಸ್ಕ್ ಉತ್ಸವವನ್ನು ವ್ಯವಸ್ಥೆಗೊಳಿಸಿದನೆಂದು ಸಂಪ್ರದಾಯ ಹೇಳುತ್ತದೆ. ಅಲ್ಲಿಂದ ಬಂದ ಪದ್ಧತಿಯಲ್ಲಿ ಮೃಗದ ದೊಡ್ಡ ಪ್ರತಿಕೃತಿ ವರ್ಷಕ್ಕೆ ಎರಡು ಬಾರಿ ಬೀದಿಗೆ ಬರುತ್ತಿತ್ತು. ಈಸ್ಟರ್ ನಂತರದ ಪೆಂಟಕೋಸ್ಟ್ ಹಬ್ಬದಲ್ಲಿ ಅದು ಕಡಿವಾಣವಿಲ್ಲದೆ ಜನಸಂದಣಿಯ ಮೇಲೆ ನುಗ್ಗುತ್ತಿತ್ತು. ಅದರ ಬಾಲದ ಪೆಟ್ಟಿಗೆ ಕೆಲವರು ಗಾಯಗೊಂಡರೂ ನೋಡುಗರು ಮೃಗವನ್ನೇ ಹೊಗಳುತ್ತಿದ್ದರು. ಜುಲೈ 29ರ ಮಾರ್ಥಾ ಹಬ್ಬದಲ್ಲಿ ಅದೇ ಮೃಗವು ಒಬ್ಬ ಬಾಲೆಯ ಹಿಂದೆ ಸೌಮ್ಯವಾಗಿ ನಡೆಯುತ್ತಿತ್ತು. ಪಟ್ಟಣದ ಲಾಂಛನದಲ್ಲಿಯೂ ಕೋಟೆಯ ಕೆಳಗೆ ಸ್ಥಾನ ಪಡೆದಿರುವುದು ಮೃಗವೇ.

ಈ ವೈರುಧ್ಯವನ್ನು ಶಾಸ್ತ್ರೀಯವಾಗಿ ಪರಿಶೀಲಿಸಿದವರು ಲೂಯಿ ದ್ಯುಮೋ. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯಲ್ಲಿ ಸೆರೆಯಾಳಾಗಿದ್ದಾಗ ಅವರು ಜೈನಶಾಸ್ತ್ರದ ಮಹಾವಿದ್ವಾಂಸ ವಾಲ್ಟರ್ ಶೂಬ್ರಿಂಗ್ ಅವರಿಂದ ಸಂಸ್ಕೃತ ಕಲಿತರು. ಬಿಡುಗಡೆಯ ಬಳಿಕ ತಾರಾಸ್ಕೋನಿನಲ್ಲಿ ಕ್ಷೇತ್ರಕಾರ್ಯ ನಡೆಸಿ, 1951ರಲ್ಲಿ ತರಾಸ್ಕ್ ಕುರಿತ ಗ್ರಂಥವನ್ನು ಪ್ರಕಟಿಸಿದರು. ತಮಿಳುನಾಡಿನ ಕಳ್ಳರ್ ಸಮುದಾಯದ ಅಧ್ಯಯನ, ಜಾತಿವ್ಯವಸ್ಥೆಯ ಕುರಿತ 1966ರ ಪ್ರಸಿದ್ಧ ಕೃತಿ ಬಂದದ್ದು ಆಮೇಲೆ. ಭಾರತೀಯ ಸಮಾಜವನ್ನು ಕುರಿತು ಅಷ್ಟು ಚರ್ಚೆಗೆ ಕಾರಣರಾದ ವಿದ್ವಾಂಸರು ತಮ್ಮ ವಿಧಾನವನ್ನು ಮೊದಲು ಪರೀಕ್ಷಿಸಿದ್ದು ತಮ್ಮ ನಾಡಿನ ಈ ಸಣ್ಣ ಊರಿನಲ್ಲಿ.

ದ್ಯುಮೋ ಆಚರಣೆಯನ್ನು ಕಥೆಯ ಅಭಿನಯವೆಂದು ಮೊದಲೇ ಭಾವಿಸಲಿಲ್ಲ. ಆಚರಣೆ, ಐತಿಹ್ಯ, ಮೃಗದ ರೂಪ ಇವನ್ನು ಬೇರೆಬೇರೆಯಾಗಿ ವಿವರಿಸಿ, ಅನಂತರ ಹೋಲಿಸಿದರು. ಹಾಗೆ ನೋಡಿದಾಗ ಮೃಗವು ಕೇವಲ ಪಾಪದ ಸಂಕೇತವಾಗಿ ಉಳಿಯುವುದಿಲ್ಲ. ಭಯವನ್ನೂ ಮಂಗಳವನ್ನೂ ಒಟ್ಟಿಗೆ ತರುವ, ಊರಿನ ಒಗ್ಗಟ್ಟನ್ನು ಪ್ರತಿನಿಧಿಸುವ ಶಕ್ತಿಯಾಗುತ್ತದೆ. ಸಂತೆ ಅದನ್ನು ಅಳಿಸಲಿಲ್ಲ, ಪಳಗಿಸಿದಳು.

ಇಂದು ಉತ್ಸವ ಜೂನ್ ಕೊನೆಯಲ್ಲಿ ನಡೆಯುತ್ತದೆ. ಆಲ್ಫೋನ್ಸ್ ದೋದೆಯ 1872ರ ಕಾದಂಬರಿಯ ನಾಯಕ ತಾರ್ತರೇನನೂ ಮೆರವಣಿಗೆಯಲ್ಲಿ ಮೃಗದ ಜೊತೆಗಾರನಾಗಿದ್ದಾನೆ. 2005ರಲ್ಲಿ ಯುನೆಸ್ಕೊ ಇಂತಹ ಮೆರವಣಿಗೆಗಳನ್ನು ಮಾನವಕುಲದ ಪರಂಪರೆಯೆಂದು ಸಾರಿದಾಗ ತಾರಾಸ್ಕೋನ್ ಕೂಡ ಅವುಗಳಲ್ಲಿತ್ತು. ಮನ್ನಣೆ ದೊರೆತಿದೆ, ಆದರೆ ಪೆಂಟಕೋಸ್ಟಿನ ಉಗ್ರತೆ, ಜುಲೈನ ಶಾಂತಿ ಎಂಬ ಎರಡು ದಿನಗಳ ಜೋಡಣೆ ಸಡಿಲಗೊಂಡಿದೆ. ಆಚರಣೆಯ ಅರ್ಥ ನೆಲೆಸಿದ್ದುದು ಆ ಜೋಡಣೆಯಲ್ಲಿ. ಲಿಖಿತ ಪಠ್ಯವೊಂದನ್ನೇ ಆಧಾರವಾಗಿಟ್ಟುಕೊಂಡ ಸಂಶೋಧಕನಿಗೆ ಈ ನಷ್ಟ ಕಾಣಿಸುವುದೇ ಇಲ್ಲ. ಪಠ್ಯದಲ್ಲಿ ಮೃಗ ಎಂದೋ ಸತ್ತಿದೆ.