ಬೈಬಲ್ ಬರೆದ ಕೈಗಳು ಯಾರವು?

 

ಕ್ರಿ.ಶ. 155. ಈಜಿಪ್ಟ್ ಆಗ ರೋಮ್ ಸಾಮ್ರಾಜ್ಯದ ಹಿಡಿತದಲ್ಲಿತ್ತು. ಅಲ್ಲಿನ ಆಕ್ಸಿರಿಂಕಸ್ ಅನ್ನೋ ಊರಿನ ಒಬ್ಬ ದೊಡ್ಡ ಮನುಷ್ಯ ತನ್ನ ಗುಲಾಮ ಹುಡುಗನನ್ನ ಶೀಘ್ರಲಿಪಿ, ಅಂದ್ರೆ ಶಾರ್ಟ್‌ಹ್ಯಾಂಡ್ ಕಲಿಯೋಕೆ ಬಿಡ್ತಾನೆ. ಹುಡುಗನ ಹೆಸರು ಕೈರಮ್ಮೋನ್. ಮೇಷ್ಟ್ರ ಹೆಸರು ಅಪೊಲೋನಿಯಸ್. ಅವಧಿ 2 ವರ್ಷ, ಫೀಸು 120 ಬೆಳ್ಳಿ ದ್ರಾಕ್ಮ. 40 ಮುಂಗಡ ಕೊಟ್ಟಾಗಿದೆ. ಹುಡುಗ ಚಿಹ್ನೆಗಳನ್ನೆಲ್ಲ ಕಲಿತ ಮೇಲೆ ಇನ್ನೊಂದು 40. ಸರಾಗವಾಗಿ ಬರೆದು, ತಪ್ಪಿಲ್ಲದೆ ಓದೋ ಹಾಗಾದ ಮೇಲೆ ಕೊನೆಯ 40. ನಡುವೆ ಎಷ್ಟು ದಿನ ಕೆಲಸ ತಪ್ಪಿಸ್ತಾನೋ ಅಷ್ಟು ದಿನ ಹೆಚ್ಚಿಗೆ ಮೇಷ್ಟ್ರ ಹತ್ತಿರವೇ ಇರಬೇಕು.

ಇದು ಕತೆಯಲ್ಲ. ಪಪೈರಸ್ ಮೇಲೆ ಬರೆದ ಆ ಕರಾರು ಇವತ್ತಿಗೂ ಉಳಿದಿದೆ. 19ನೇ ಶತಮಾನದ ಕೊನೆಯಲ್ಲಿ ಗ್ರೆನ್‌ಫೆಲ್ ಮತ್ತು ಹಂಟ್ ಅನ್ನೋ ಇಬ್ಬರು ಇಂಗ್ಲಿಷ್ ವಿದ್ವಾಂಸರು ಆ ಊರಿನ ಹಳೇ ಕಸದ ದಿಬ್ಬಗಳನ್ನ ಅಗೆಸಿದರು. ಅಗೆಸಿದರು ಅಂತ ಬೇಕಂತಲೇ ಬರೆದಿದ್ದೀನಿ. ಅಗೆದವರು ಈಜಿಪ್ಟಿನ ಕೂಲಿಗಳು.

ಆಕ್ಸಿರಿಂಕಸ್ ಹೆಸರನ್ನ ನಮ್ಮಲ್ಲಿ ಕೆಲವರು ಕೇಳಿರ್ತೀರಿ. ಅದೇ ಕಸದಿಂದ ಬಂದ ಒಂದು ಗ್ರೀಕ್ ಪ್ರಹಸನದಲ್ಲಿ ಭಾರತದ ಕರಾವಳಿಯ ಪಾತ್ರಗಳು ಆಡೋ ಮಾತು ಕನ್ನಡವೇ ಅಂತ 1904ರಲ್ಲಿ ಹುಲ್ಷ್ ವಾದಿಸಿದ್ದ. ಆಮೇಲೆ ಶಾಮಾಶಾಸ್ತ್ರಿ, ಗೋವಿಂದ ಪೈ ಕೂಡ ಅದರ ಮೇಲೆ ಬರೆದರು. ಆ ವಾದ ಇನ್ನೂ ಮುಗಿದಿಲ್ಲ. ಪ್ರಹಸನ ಅಚ್ಚಾಗಿದ್ದು 1903ರಲ್ಲಿ, ಆಕ್ಸಿರಿಂಕಸ್ ಪಪೈರಸ್‌ಗಳ 3ನೇ ಸಂಪುಟದಲ್ಲಿ. ಕೈರಮ್ಮೋನ್‌ನ ಕರಾರು ಮರುವರ್ಷದ 4ನೇ ಸಂಪುಟದಲ್ಲಿ. ಆ ನಾಲ್ಕು ಮಾತು ನಮ್ಮವಾ ಅಂತ ಹುಡುಕಿದಷ್ಟು ನಾವು ಪಕ್ಕದ ಸಂಪುಟದ ಈ ಹುಡುಗನ ಕಡೆ ನೋಡಲಿಲ್ಲ.

ಇಂಥ ಹುಡುಗರ ಕಡೆ ನೋಡಿದವರಲ್ಲಿ ಒಬ್ಬರು ಕ್ಯಾಂಡಿಡಾ ಮಾಸ್. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ದೇವತಾಶಾಸ್ತ್ರದ ಪ್ರಾಧ್ಯಾಪಕಿ. 2024ರಲ್ಲಿ ಅವರ 'ಗಾಡ್ಸ್ ಗೋಸ್ಟ್‌ರೈಟರ್ಸ್' ಪುಸ್ತಕ ಬಂತು. ಅವರಿಗಿಂತ ಮುಂಚೆ, 2000ದಲ್ಲಿ, ಕಿಮ್ ಹೈನ್ಸ್-ಐಟ್ಜೆನ್ ಆರಂಭದ ಕ್ರೈಸ್ತ ಬರಹಗಳನ್ನ ನಕಲು ಮಾಡಿದ ಲಿಪಿಕಾರರ ಬಗ್ಗೆಯೇ ಒಂದು ಪುಸ್ತಕ ತಂದಿದ್ದರು. ಮಾಸ್ ಕೇಳೋ ಪ್ರಶ್ನೆ ನೇರವಾದದ್ದು: ಹೊಸ ಒಡಂಬಡಿಕೆಯನ್ನ ಮತ್ತಾಯ, ಮಾರ್ಕ, ಲೂಕ, ಪೌಲ ಬರೆದರು ಅಂತೀವಲ್ಲ, ಆ ಕಾಲದಲ್ಲಿ 'ಬರೆಯೋದು' ಅಂದ್ರೆ ಏನು? ಕೂತು ಬರೀತಿದ್ದವರು ಯಾರು?

ರೋಮ್‌ನ ಉಳ್ಳವರು ಹೆಚ್ಚಾಗಿ ತಾವೇ ಬರೀತಿರಲಿಲ್ಲ, ಬರೆಸ್ತಿದ್ದರು. ಒಡೆಯ ಅಡ್ಡಾಡ್ತಾ ಹೇಳ್ತಾನೆ, ಗುಲಾಮ ಮೇಣದ ಹಲಗೆ ಮೇಲೆ ಗುರುತು ಹಾಕಿಕೊಳ್ತಾನೆ. ಆಮೇಲೆ ಆ ಗುರುತುಗಳನ್ನ ಬಿಡಿಸಿ, ಪೂರ್ತಿ ವಾಕ್ಯ ಮಾಡಿ ಪಪೈರಸ್‌ಗೆ ಇಳಿಸಬೇಕು. ಮೇಜು ಇಲ್ಲ, ತೊಡೆಯ ಮೇಲೇ ಬರಹ. ಬೆನ್ನು ಹೋಯ್ತು, ಕಣ್ಣು ಹೋಯ್ತು. ಬರೆದದ್ದರಲ್ಲಿ ಪದಗಳ ನಡುವೆ ಜಾಗವನ್ನೂ ಬಿಡ್ತಿರಲಿಲ್ಲ. ಹಾಗಾಗಿ ಗಟ್ಟಿಯಾಗಿ ಓದಿ ಹೇಳೋಕೂ ಪಳಗಿದವರೇ ಬೇಕು. ಶ್ರೀಮಂತರ ಮನೆಗಳಲ್ಲಿ ಆ ಕೆಲಸವೂ ಗುಲಾಮರದ್ದೇ. ಎಲ್ಲಿ ಉಸಿರು ತಗೋಬೇಕು, ಯಾವ ಮಾತಿಗೆ ಒತ್ತು ಕೊಡಬೇಕು ಅಂತ ತೀರ್ಮಾನ ಮಾಡೋನು ಅವನೇ. ಕೇಳಿದವರಿಗೆ ಅರ್ಥ ತಲುಪ್ತಿದ್ದದ್ದು ಅವನ ಗಂಟಲಿನಿಂದ.

ಸಿಸೆರೋ ಅನ್ನೋ ದೊಡ್ಡ ವಾಗ್ಮಿಯ ಹೆಸರು ಕೇಳಿರ್ತೀರಿ. ಅವನ ಗುಲಾಮ ತೀರೋ. ಆಮೇಲೆ ಬಿಡುಗಡೆ ಪಡೆದ. ಲ್ಯಾಟಿನ್ ಶೀಘ್ರಲಿಪಿಗೆ ಇವತ್ತಿಗೂ ಅವನದೇ ಹೆಸರು. ಕಾಯಿಲೆ ಬಿದ್ದ ತೀರೋಗೆ ಬರೆದ ಒಂದು ಪತ್ರದಲ್ಲಿ ಸಿಸೆರೋ, ನೀನಿಲ್ಲದೆ ನನ್ನ ಬರವಣಿಗೆ ಸೊರಗಿದೆ ಅಂತ ಹೇಳಹೊರಟು, ನನ್ನದು ಅನ್ನಲೋ ನಮ್ಮದು ಅನ್ನಲೋ ಅಂತ ನಡುವೆಯೇ ತಿದ್ದಿಕೊಳ್ತಾನೆ. ಒಡೆಯನ ಬಾಯಿಂದ ಸತ್ಯ ಹೀಗೆ ಜಾರಿ ಬೀಳುತ್ತೆ. ಆದರೂ ಪುಸ್ತಕಗಳ ಮೇಲೆ ಉಳಿದದ್ದು ಸಿಸೆರೋ ಹೆಸರೇ.

ಈಗ ಬೈಬಲ್‌ಗೆ ಬನ್ನಿ. ಪೌಲ ರೋಮಾಪುರದವರಿಗೆ ಬರೆದ ಪತ್ರಿಕೆಯ 16ನೇ ಅಧ್ಯಾಯ, 22ನೇ ವಾಕ್ಯ. ಪತ್ರ ಮುಗೀತಾ ಬಂದಾಗ ಇದ್ದಕ್ಕಿದ್ದ ಹಾಗೆ ಬೇರೆಯವರ ದನಿ ಕೇಳುತ್ತೆ. ಇದನ್ನ ಬರೆದ ತೆರ್ತ್ಯ ನಾನು ಅಂತ ಹೇಳಿ ಅವನು ವಂದನೆ ತಿಳಿಸ್ತಾನೆ. ಅಷ್ಟೇ, ಮತ್ತೆ ಮರೆಯಾಗ್ತಾನೆ. ತೆರ್ತ್ಯ ಅಂದ್ರೆ ಲ್ಯಾಟಿನ್‌ನಲ್ಲಿ 'ಮೂರನೆಯವನು'. ಮುಂದಿನ ವಾಕ್ಯದಲ್ಲಿ ಬರೋ ಕ್ವರ್ತ ಅಂದ್ರೆ 'ನಾಲ್ಕನೆಯವನು'. ಹೀಗೆ ಎಣಿಕೆಯಿಂದ ಕರೆಯೋದು ಗುಲಾಮರಲ್ಲಿ ಕಾಣೋ ಪದ್ಧತಿ. ಹೆಸರಲ್ಲೇ ಜಾಗ ತೋರಿಸೋ ಪದ್ಧತಿ ನಮ್ಮ ಅಜ್ಜ ಅಜ್ಜಿಯರಿಗೆ ಗೊತ್ತಿಲ್ಲದ್ದೇನಲ್ಲ.

ಇಲ್ಲಿ ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ತೆರ್ತ್ಯ ಗುಲಾಮನೇ ಆಗಿದ್ದ ಅನ್ನೋಕೆ ನೇರ ಪುರಾವೆ ಇಲ್ಲ. ಹೆಸರು ಮತ್ತು ಅವನು ಮಾಡ್ತಿದ್ದ ಕೆಲಸದಿಂದ ಮಾಡಿದ ಊಹೆ ಅದು. ಅಂಥ ಹೆಸರು ಸ್ವತಂತ್ರರಿಗೂ ಇತ್ತು. ಮಾಸ್ ಇಂಥ ಊಹೆ ಮಾಡೋದನ್ನ ಮುಚ್ಚಿಡೋದಿಲ್ಲ. ದಾಖಲೆ ಬರೆಸಿದವರು ಯಾರ ಹೆಸರನ್ನ ಬಿಟ್ಟರೋ ಅವರನ್ನ ಹುಡುಕೋಕೆ ಬೇರೆ ದಾರಿ ಯಾವುದಿದೆ? 'ಪುರಾವೆ ಎಲ್ಲಿ?' ಅನ್ನೋ ಪ್ರಶ್ನೆಯನ್ನ ಎಷ್ಟು ಸಲ ಎದುರಿಸಿದ್ದೀವಿ ನಾವು!

ಅವರ ಪುಸ್ತಕದ ರೂಪವೂ ದೊಡ್ಡವರ ಮನೆಯದ್ದಲ್ಲ. ಆ ಕಾಲದಲ್ಲಿ ಗೌರವದ ಪುಸ್ತಕ ಅಂದ್ರೆ ಸುರುಳಿ. ಹಾಳೆ ಮಡಚಿ ಹೊಲಿದ ಕೋಡೆಕ್ಸ್, ಅಂದ್ರೆ ಇವತ್ತು ನಾವು ಕೈಲಿ ಹಿಡಿಯೋ ಪುಸ್ತಕದ ರೂಪ, ಹುಟ್ಟಿದ್ದು ಲೆಕ್ಕ ಬರೆಯೋ, ಮಕ್ಕಳು ತಿದ್ದೋ ಹಲಗೆಗಳಿಂದ. 1ನೇ ಶತಮಾನದ ಕೊನೆಗೆ ಮಾರ್ಷಿಯಲ್ ಅನ್ನೋ ಕವಿ, ನನ್ನ ಪದ್ಯಗಳು ಪ್ರಯಾಣಕ್ಕೆ ಅನುಕೂಲವಾದ ಈ ರೂಪದಲ್ಲೂ ಸಿಗ್ತಾವೆ ಅಂತ ಅಂಗಡಿಯ ವಿಳಾಸ ಕೊಡ್ತಾನೆ. ಆ ಅಂಗಡಿಯ ಸೆಕುಂಡಸ್ ಕೂಡ ಬಿಡುಗಡೆ ಪಡೆದ ಗುಲಾಮ. ಉಳಿದವರು ಇನ್ನೂ ಸುರುಳಿ ಹಿಡಿದಿದ್ದಾಗ ಕ್ರೈಸ್ತರು ತಮ್ಮ ಧರ್ಮಗ್ರಂಥಗಳಿಗೆ ಈ ಕೋಡೆಕ್ಸನ್ನ ಆರಿಸಿಕೊಂಡರು.

3ನೇ ಶತಮಾನಕ್ಕೆ ಬಂದ್ರೆ ಆರಿಜೆನ್ ಅನ್ನೋ ದೊಡ್ಡ ಕ್ರೈಸ್ತ ವಿದ್ವಾಂಸ. ಅವನು ಹೇಳೋದನ್ನ ಬರೆದುಕೊಳ್ಳೋಕೆ 7ಕ್ಕಿಂತ ಹೆಚ್ಚು ಜನ ಶೀಘ್ರಲಿಪಿಕಾರರು ಪಾಳಿ ಮೇಲೆ ಕೂರ್ತಿದ್ದರು, ಅಷ್ಟೇ ಜನ ನಕಲುಗಾರರಿದ್ದರು, ಜೊತೆಗೆ ಅಂದವಾಗಿ ಬರೆಯೋಕೆ ಪಳಗಿದ ಹುಡುಗಿಯರಿದ್ದರು ಅಂತ ಚರ್ಚಿನ ಇತಿಹಾಸ ಬರೆದ ಯುಸೇಬಿಯಸ್ ಹೇಳ್ತಾನೆ. ಖರ್ಚು ಕೊಟ್ಟ ಅಂಬ್ರೋಸನ ಹೆಸರಿದೆ. ಆ ಹುಡುಗಿಯರಲ್ಲಿ ಒಬ್ಬಳ ಹೆಸರೂ ಇಲ್ಲ.

ನನ್ನ ನಿದ್ದೆ ಕೆಡಿಸಿದ್ದು ಇನ್ನೊಂದು ವಿಷಯ. ಗುಲಾಮರು ಒಡೆಯರ ಮಾತು ಕೇಳಬೇಕು ಅಂತ ಎಫೆಸದವರಿಗೆ, ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಗಳಲ್ಲಿದೆ. ಆ ಸಾಲನ್ನ ಬರೆದುಕೊಂಡವನೋ, ನಕಲು ಮಾಡಿದವನೋ, ಸಭೆಯಲ್ಲಿ ಎದ್ದು ನಿಂತು ಓದಿದವನೋ ಗುಲಾಮನಾಗಿದ್ದರೆ? ತನ್ನ ಸರಪಳಿಯನ್ನ ತಾನೇ ದುಂಡಗಿನ ಅಕ್ಷರದಲ್ಲಿ ಬರೆಯೋವಾಗ ಆ ಕೈ ಒಂದು ಕ್ಷಣ ನಿಂತಿತ್ತಾ?

ರೋಮ್‌ನ ಗುಲಾಮಗಿರಿ ಮತ್ತು ನಮ್ಮ ಜಾತಿ ಎರಡೂ ಒಂದೇ ಅಂತ ನಾನು ಹೇಳ್ತಿಲ್ಲ. ವೇದ ಕೇಳಿದ ಶೂದ್ರನ ಕಿವಿಗೆ ಕಾಯಿಸಿದ ತವರ, ಅರಗು ಸುರೀಬೇಕು ಅಂತ ಗೌತಮ ಧರ್ಮಸೂತ್ರ ಹೇಳುತ್ತೆ. ಇಲ್ಲಿ ಅಕ್ಷರವನ್ನ ಕಿತ್ಕೊಂಡರು. ಅಲ್ಲಿ ಲಾಭ ಇದೆ ಅಂತ ಕಾಸು ಕೊಟ್ಟು ಕಲಿಸಿದರು. ಅಕ್ಷರ ಕಲಿತರೆ ಬಿಡುಗಡೆ ಅಂತ ನಾವು ನಂಬಿದ್ದೀವಿ, ನಂಬಲೂಬೇಕು. ಆದರೆ ಕೈರಮ್ಮೋನ್ ಅಕ್ಷರ ಕಲಿತ ಮೇಲೂ ಅವನ ಕೈ ಒಡೆಯನದ್ದೇ ಆಗಿತ್ತು. ಬರೆಯೋ ಕೈಯ ಜೊತೆ ಬರೆದದ್ದರ ಮೇಲೆ ಹೆಸರೂ, ಹಕ್ಕೂ ಬೇಕು.

ಬಾಬಾಸಾಹೇಬರಿಗೆ ಇದು ಗೊತ್ತಿತ್ತು. 'ಬುದ್ಧ ಮತ್ತು ಅವನ ಧಮ್ಮ' ಗ್ರಂಥಕ್ಕೆ 1956ರಲ್ಲಿ ಅವರು ಬರೆದ ಮುನ್ನುಡಿಯಲ್ಲಿ ಹಸ್ತಪ್ರತಿಯನ್ನ ಮತ್ತೆ ಮತ್ತೆ ಟೈಪ್ ಮಾಡಿದ ನಾನಕ್ ಚಂದ್ ರತ್ತು, ಪ್ರಕಾಶ್ ಚಂದ್ ಇಬ್ಬರ ಹೆಸರನ್ನೂ ಊರಿನ ಸಮೇತ ಹೇಳ್ತಾರೆ. ರತ್ತು ಆರೋಗ್ಯ ಲೆಕ್ಕಿಸದೆ, ಸಂಬಳ ತಗೊಳ್ಳದೆ ದುಡಿದದ್ದನ್ನೂ ದಾಖಲಿಸ್ತಾರೆ. ಬಾಬಾಸಾಹೇಬರು ತೀರಿಕೊಂಡ ಮೇಲೆ, 1957ರಲ್ಲಿ ಗ್ರಂಥ ಹೊರಬಂತು. ಆ ಮುನ್ನುಡಿ ಮಾತ್ರ ಅದರಲ್ಲಿ ಇರಲಿಲ್ಲ.

ಈಗ ನನ್ನ ತಪ್ಪು. ಕೆಲವು ವರ್ಷದ ಹಿಂದೆ ನಮ್ಮ ಹೋರಾಟದ ಭಾಷಣಗಳನ್ನ ಸೇರಿಸಿ ಒಂದು ಕಿರುಪುಸ್ತಕ ತಂದ್ವಿ. ಸಂಪಾದಕ ಅಂತ ನನ್ನ ಹೆಸರು ದಪ್ಪಕ್ಷರದಲ್ಲಿತ್ತು. ರೆಕಾರ್ಡಿಂಗ್ ಕೇಳಿ ಕೇಳಿ ಬರೆದು, ಡಿಟಿಪಿ ಮಾಡಿ, ನನ್ನ ಎಷ್ಟೋ ವಾಕ್ಯಗಳನ್ನ ಸರಿ ಮಾಡಿದವಳು ನಮ್ಮ ಕೇರಿಯದೇ ಒಬ್ಬ ಹುಡುಗಿ. ಅವಳ ಹೆಸರು ಎಲ್ಲೂ ಇರಲಿಲ್ಲ. ಅವಳು ಕೇಳಲಿಲ್ಲ, ನನಗೆ ಹೊಳೆಯಲೂ ಇಲ್ಲ. ಪುಸ್ತಕ ಈಗ ಮರುಮುದ್ರಣ ಆಗ್ತಿದೆ. ಮೊನ್ನೆ ಫೋನ್ ಮಾಡಿ, "ಹೆಸರು ಹೇಗೆ ಹಾಕಲಮ್ಮ, ಇನಿಶಿಯಲ್ ಬೇಕಾ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಅಮ್ಮನ ಹೆಸರನ್ನೂ ಸೇರಿಸಿ ಅಣ್ಣ" ಅಂದಳು.

ಸೇರಿಸಿದ್ದೀನಿ. ನಿಮ್ಮ ಪುಸ್ತಕ, ಕರಪತ್ರಗಳನ್ನೂ ಒಮ್ಮೆ ತೆಗೆದು ನೋಡಿ.

ಜೈ ಭೀಮ್.